ಇಂಚು, ಸೆಂಟು ಮತ್ತು ನಮ್ಮ ತಾತ

ದೇಶವೆಲ್ಲ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು. ಕೊಡಗಿನ ಕಾಫಿ ತೋಟಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅಲ್ಲಿ ಮಳೆ ಈಗಲೂ ಬೀಳುವುದು ಇಂಚಿನಲ್ಲಿ, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಶನಿವಾರಸಂತೆಯ ನಮ್ಮ ತಾತ ಬೆಳಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯದೆ ಬೆಲ್ಲದ ಕಾಫಿ ಮುಟ್ಟಿದವರಲ್ಲ. ನಾವೆಲ್ಲ ಸಮುದ್ರ ದಾಟಿದ ಮೇಲೆ ಫೋನಿನಲ್ಲೂ ಅದೇ ವಿಚಾರಣೆ. ‘ಊಟ ಆಯ್ತಾ’ ಎಲ್ಲ ಆಮೇಲೆ. ಮೊದಲು, ‘ಅಲ್ಲಿ ಎಷ್ಟು ಸೆಂಟು?’

ಈ ಪರೀಕ್ಷೆಯಲ್ಲಿ ನಾನು ಪಾಸಾದದ್ದು ಅಮೆರಿಕದ ಪುಣ್ಯ. ಇಲ್ಲಿನ ಟೀವಿಯವರೂ ಮಳೆಯನ್ನು ಇಂಚಿನಲ್ಲೇ ಹೇಳುತ್ತಾರೆ. ‘ಎಡಿಸನ್‌ನಲ್ಲಿ ಅರವತ್ತು ಸೆಂಟು ತಾತ’ ಅಂದರೆ ಅವರಿಗೆ ನೆಮ್ಮದಿ: ಹುಡುಗ ಮರ್ಯಾದಸ್ಥರ ನಡುವೆ ಇದ್ದಾನೆ. ಮೆಲ್ಬರ್ನಿನ ಅಣ್ಣ, ಪಾಪ, ‘ಹನ್ನೆರಡು ಮಿಲಿಮೀಟರ್’ ಅಂದುಬಿಟ್ಟ. ತಾತ ಮಾತಿಲ್ಲದೆ ಫೋನನ್ನು ಅಜ್ಜಿಯ ಕೈಗೆ ಕೊಟ್ಟರು.

ಈ ಸಲ ತಾತನ ವರ್ಷದ ದಿನಕ್ಕೆ ಎಲ್ಲರೂ ವಿಡಿಯೊದಲ್ಲಿ ಸೇರಬೇಕೆಂದು ಚಿಕ್ಕಪ್ಪನ ಹುಕುಂ ಬಂತು, ಭಾನುವಾರ ಬೆಳಗ್ಗೆ ಏಳೂವರೆಗೆ. ಶನಿವಾರಸಂತೆಯಲ್ಲಿ ಶನಿವಾರವೂ ಮುಗಿದು ಸಂತೆಯೂ ಮುಗಿದಿತ್ತು. ಎಡಿಸನ್‌ನಲ್ಲಿ ಮಾತ್ರ ಇನ್ನೂ ಶನಿವಾರ ರಾತ್ರಿ. ಲಂಡನ್ನಿನ ಭಾವ ಹೊದಿಕೆಯೊಳಗಿಂದಲೇ ಮುಖ ತೋರಿಸಿದರು.

ಅತ್ತೆ ತಮ್ಮ ಮದುವೆಯಿಂದ ಶುರುಮಾಡಿದರು. ರೊಬಸ್ಟಾ ಮೊಗ್ಗು ಕಟ್ಟಿಕೊಂಡು ಹೂಮಳೆಗೆ ಕಾಯುವ ಕಾಲ. ಇಂಚು ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಬೀಳದಿದ್ದರೆ ಆ ವರ್ಷದ ಫಸಲಿಗೆ ಕುತ್ತು. ಧಾರೆಯ ಹೊತ್ತಿಗೆ ಸರಿಯಾಗಿ ಗುಡುಗಿತು. ಮಳೆ ನಿಂತಾಗ ಪುರೋಹಿತರ ಎದುರು ಹುಡುಗಿಯ ಅಪ್ಪನೇ ಇಲ್ಲ! ಸ್ವಲ್ಪ ಹೊತ್ತಿಗೆ ಒದ್ದೆ ಪಂಚೆಯಲ್ಲಿ ಬಂದು, ‘ತೊಂಬತ್ತೆಂಟು’ ಅಂದರಂತೆ. ಬೀಗರು ಅದನ್ನು ಬಾಕಿ ವರದಕ್ಷಿಣೆಯ ಲೆಕ್ಕವೆಂದುಕೊಂಡರು ಎಂಬುದು ಅತ್ತೆಯ ಒಗ್ಗರಣೆ. ನಾನು ಅಷ್ಟು ನಂಬುವುದಿಲ್ಲ.

ಆಮೇಲೆ ಮನೆತನದ ಮಹಾಕಾವ್ಯಕ್ಕೆ ಬಂದೆವು: ತಾತ ಕಾಫಿ ಬಚ್ಚಿಟ್ಟ ಪ್ರಸಂಗ. 1942ರ ಕಾಫಿ ಕಾಯಿದೆಯಿಂದ ಹಿಡಿದು 90ರ ದಶಕದವರೆಗೆ, ಬೆಳೆಗಾರ ಬೆಳೆದದ್ದನ್ನು ತಾನೇ ಮಾರುವಂತಿರಲಿಲ್ಲ. ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕು, ದುಡ್ಡು ಕಂತುಕಂತಾಗಿ ಬಂದಾಗ ಬರಬೇಕು. ಅಂಥ ಕಾಲದಲ್ಲಿ ಅಟ್ಟದ ಮೇಲೆ, ಭತ್ತದ ಹಿಂದೆ, ತಾತ ಒಂದು ಮೂಟೆ ಅಡಗಿಸಿದ್ದರು ಎಂದರು ಚಿಕ್ಕಪ್ಪ. ಲಂಡನ್ನಿನಲ್ಲಿ ಅದು ಮೂರು ಮೂಟೆ. ಮೆಲ್ಬರ್ನಿನಲ್ಲಿ ಒಂದು ಜೀಪು. ಊರಿಂದ ದೂರವಾದಷ್ಟೂ ಕಾಫಿ ಹೆಚ್ಚುತ್ತದೆ. ನನ್ನ ಮಗಳ ಪಾಠದಲ್ಲಿ ಲಾರಿ, ಹಿಂದೆ ಪೊಲೀಸರು.

ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ಕ್ಯಾಮೆರಾಕ್ಕೆ ಹತ್ತಿರ ಬಂದರು. ಪರದೆ ತುಂಬ ಬರೀ ಮೂಗುತಿ.

“ಅವ್ರೆಲ್ಲಿ ಬಚ್ಚಿಟ್ರು? ಕೊನೇ ಬೀಜಾನೂ ಬೋರ್ಡಿಗೆ ಕೊಟ್ಟು ರಶೀತಿ ತಂದು ದೇವರ ಮುಂದೆ ಇಡ್ತಿದ್ದ ಮನುಷ್ಯ. ಬಚ್ಚಿಟ್ಟಿದ್ದು ನಾನು. ಬೋರ್ಡಿಗೆ ಹೆದರಿ ಅಲ್ಲ, ನಿಮ್ಮ ತಾತಂಗೆ ಹೆದರಿ.”

ನಾಲ್ಕು ಖಂಡಗಳಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಮಗಳೇ ಧೈರ್ಯಮಾಡಿ, “ಎಷ್ಟು ಮೂಟೆ, ಮುತ್ತಜ್ಜಿ?” ಅಂದಳು.

“ಬರೆದಿಡೋದು ಅವರ ಚಟ ಕಣಮ್ಮ,” ಅಂದರು ಅಜ್ಜಿ, “ನನ್ನದಲ್ಲ.”