ರೂಟರ್ ಮೀಮಾಂಸಕ

ಮನೆಯ ರೂಟರಿನಲ್ಲಿ ಕಂಪನಿ ತುಂಬಿಕೊಟ್ಟ ಫರ್ಮ್‌ವೇರ್ ತೆಗೆದು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬೇಕೋ ಬೇಡವೋ ಎಂದು ವರ್ಷಗಟ್ಟಲೆ ವಿಚಾರ ಮಾಡುವವನೇ ರೂಟರ್ ಮೀಮಾಂಸಕ. ಬೆಂಗಳೂರಿನಲ್ಲೂ ಇವನಿದ್ದಾನೆ, ಆದರೆ ಅಲ್ಲಿ ವಿಚಾರಕ್ಕೆ ಬಿಡುವಿಲ್ಲ. ಹುಲುಸಾಗಿ ಬೆಳೆಯುವುದು ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಹಿರೇಗುಂಟನೂರಿನಂಥ ಊರುಗಳಲ್ಲಿ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದವನು, ಊಟ ಚೆನ್ನಾಗಿದೆಯೆಂದು ಅಲ್ಲೇ ಉಳಿದಿರುತ್ತಾನೆ.

ಇವನನ್ನು ಗುರುತಿಸುವುದು ಸುಲಭ. ಫೋನಿನ ಗ್ಯಾಲರಿಯಲ್ಲಿ ತಂಗಿಯ ಮದುವೆಯ ಫೋಟೋಗಳಿಗಿಂತ ರೂಟರಿನ ಅಡಿಭಾಗದ ಚೀಟಿಯ ಫೋಟೋಗಳೇ ಹೆಚ್ಚು. ಯಾರಾದರೂ ‘ನೆಟ್ ಸ್ಲೋ’ ಎಂದರೆ ಸಾಕು, ಇತಿಹಾಸ ಶುರು. ಲಿಂಕ್‌ಸಿಸ್ ಕಂಪನಿ 2002ರಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ಬಿಟ್ಟಿತು. ಅದರೊಳಗೆ ಲಿನಕ್ಸ್ ಇರುವುದು ಬಯಲಾಗಿ, ಜಿಪಿಎಲ್ ಪರವಾನಗಿಯ ಷರತ್ತಿನಂತೆ 2003ರಲ್ಲಿ ಮೂಲ ಸಂಕೇತವನ್ನು ಹೊರಬಿಡಬೇಕಾಯಿತು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಪಹಣಿ ಪ್ರಿಂಟ್ ತೆಗೆಸಲು ಬಂದ ಪಕ್ಕದ ಮನೆಯವರು ಇಷ್ಟನ್ನು ಕೇಳಿಸಿಕೊಂಡು, ಪಹಣಿಯಿಲ್ಲದೆ ವಾಪಸಾಗುತ್ತಾರೆ.

ಪರವಾದ ವಾದಗಳು ದುರ್ಬಲವೇನಲ್ಲ. ಕಂಪನಿ ಕೈಬಿಟ್ಟ ಹಳೆಯ ಮಾದರಿಗೂ ಭದ್ರತೆಯ ತಿದ್ದುಪಡಿ ಸಿಗುತ್ತದೆ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ ಲಕ್ಷಗಟ್ಟಲೆ ರೂಟರುಗಳಿಗೆ ಹೊಕ್ಕಾಗ ಇವನು ಎರಡು ರಾತ್ರಿ ನಿದ್ದೆಗೆಟ್ಟಿದ್ದುಂಟು. ನಿಜವಾಗಿ ಬೆಲೆಬಾಳುವ ಲಾಭ ಇನ್ನೊಂದಿದೆ: ಎಸ್‌ಕ್ಯುಎಂ. ಒಬ್ಬರು ದೊಡ್ಡ ವಿಡಿಯೋ ಕಳಿಸುತ್ತಿರುವಾಗ ಉಳಿದವರ ಪ್ಯಾಕೆಟ್‌ಗಳು ಸಾಲಿನಲ್ಲಿ ಕೊಳೆಯದಂತೆ ಅದು ನೋಡಿಕೊಳ್ಳುತ್ತದೆ. ಮೀಟಿಂಗಿನ ಮಧ್ಯೆ ಮ್ಯಾನೇಜರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುವ ಮನೆಗಳಲ್ಲಿ ಇದೊಂದಕ್ಕೇ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಳ್ಳಬಹುದು. ಮೀಮಾಂಸಕನಿಗೂ ಇದು ಗೊತ್ತು. ಗೊತ್ತಿದ್ದೂ ಪೂರ್ವಪಕ್ಷಕ್ಕೆ ಇಳಿಯುತ್ತಾನೆ.

ಮೊದಲನೆಯ ತೊಡಕು ರೂಟರಿನದೇ. ಮಾದರಿಯ ಹೆಸರು ಒಂದೇ ಆದರೂ ಹಾರ್ಡ್‌ವೇರ್ ಆವೃತ್ತಿ ಬೇರೆಯಾದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ಎಷ್ಟೋ ಅಗ್ಗದ ರೂಟರುಗಳಲ್ಲಿ 4 ಎಂಬಿ ಫ್ಲ್ಯಾಶ್, 32 ಎಂಬಿ ರ್ಯಾಮ್ ಇರುತ್ತದೆ. ಅಂಥವಕ್ಕೆ 2020ರಲ್ಲಿ ಬಂದ ಓಪನ್‌ಡಬ್ಲ್ಯುಆರ್‌ಟಿಯ 19.07 ಸರಣಿಯೇ ಕೊನೆ. ಇದನ್ನೆಲ್ಲ ದಾಟಿದ ಮೇಲೆ, ಗೋಡೆಯ ಮೇಲಿರುವ ಡಬ್ಬಿ ಬರೀ ರೂಟರಲ್ಲ, ಫೈಬರಿನ ಓಎನ್‌ಟಿ ಎಂದು ತಿಳಿಯುತ್ತದೆ. ಎಕ್ಸ್‌ಚೇಂಜಿನ ಯಂತ್ರ ಅದನ್ನು ಸೀರಿಯಲ್ ನಂಬರಿನಿಂದ ಗುರುತು ಹಿಡಿಯುವುದರಿಂದ ಅದರ ತಂಟೆಗೆ ಹೋಗುವಂತಿಲ್ಲ, ಅದರ ಹಿಂದೆ ಬೇರೆ ರೂಟರ್ ಕೂರಿಸಬೇಕು. ಫೈಬರ್ ಎಳೆದ ಕೇಬಲ್ ಹುಡುಗನನ್ನು ಕೇಳಿದರೆ, ‘ಅಣ್ಣಾ, ನೀವು ಮುಟ್ಟಿದ್ರೆ ನಾವು ಜವಾಬ್ದಾರರಲ್ಲ’ ಎನ್ನುತ್ತಾನೆ.

ಎರಡನೆಯದು ಕರೆಂಟು. ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟ್ ಹೋದರೆ ರೂಟರ್ ಏಳದೇ ಹೋಗಬಹುದು. ಅದಕ್ಕೆಂದು 12 ವೋಲ್ಟಿನ ಪುಟ್ಟ ಯುಪಿಎಸ್ ತರಿಸುತ್ತಾನೆ, ಆಮೇಲೆ ಆ ಯುಪಿಎಸ್ಸಿನ ಬ್ಯಾಟರಿ ನಂಬಬಹುದೇ ಎಂಬ ವಿಚಾರ ಆರಂಭಿಸುತ್ತಾನೆ. ರೂಟರ್ ಕೆಟ್ಟರೆ ತಂತಿಯ ಮೂಲಕ ಫೈಲ್ ಕಳಿಸುವ ಟಿಎಫ್‌ಟಿಪಿಯಿಂದ ಎಬ್ಬಿಸಬಹುದು. ಅದೂ ಆಗದಿದ್ದರೆ ಮುಚ್ಚಳ ಬಿಚ್ಚಿ ಸೀರಿಯಲ್ ತಂತಿ ಬೆಸೆಯಬೇಕು. ದುರ್ಗದ ಮೊಬೈಲ್ ರಿಪೇರಿಯವರು ಬೆಸೆದಾರು, ಆದರೆ ಯಾವ ಪಿನ್ನಿಗೆ ಎಂಬುದನ್ನು ಇವನೇ ಹೇಳಬೇಕು.

ಮೂರನೆಯದು ಮನೆಮಂದಿ. ‘ಸೀರಿಯಲ್ ಮುಗಿಯೋಗಂಟ ಅದನ್ನ ಮುಟ್ಟಬ್ಯಾಡ ಕಣಪ್ಪ’ ಎನ್ನುವುದು ತಾಯಿ. ಒಂದು ಮುಗಿಯುವುದರೊಳಗೆ ಇನ್ನೊಂದು ಶುರುವಾಗಿರುತ್ತದೆ. ತಂದೆಯ ಪ್ರಶ್ನೆ ಇನ್ನೂ ಗಟ್ಟಿ: ‘ನೀರೆತ್ತುತಿರೋ ಮೋಟ್ರನ್ನ ಯಾರಾದ್ರೂ ಬಿಚ್ತಾರೇನೋ?’ ನಾಲ್ಕು ಬೋರ್‌ವೆಲ್ ಕೊರೆಸಿ ಒಂದರಲ್ಲಿ ನೀರು ಕಂಡವರ ಮಾತಿಗೆ ಮೀಮಾಂಸಕನ ಬಳಿ ಉತ್ತರವಿಲ್ಲ. ಹಿಂದಿನ ಕೋಣೆಗೆ ವೈಫೈ ಬಾರದಿರುವುದಕ್ಕೆ ಕಾರಣ ಎರಡಡಿ ದಪ್ಪದ ಗೋಡೆ, ಅದಕ್ಕೆ ಯಾವ ಫರ್ಮ್‌ವೇರೂ ಮದ್ದಲ್ಲ ಎಂಬುದನ್ನು ಇಬ್ಬರಿಗೂ ಅವನು ಹೇಳಿರುವುದಿಲ್ಲ.

ಬಹುಪಾಲು ಮೀಮಾಂಸಕರು ಕೊನೆಗೆ ಮಧ್ಯಮಾರ್ಗ ಹಿಡಿಯುತ್ತಾರೆ. ಹೊಂದುವ ಹಳೆಯ ರೂಟರೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡು, ಮನೆಯವರು ಜಾತ್ರೆಗೆ ಹೋದ ದಿನ ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹಾಕುತ್ತಾರೆ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಆದರೆ ವೈಫೈ ಕಾಣುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಸಾಮಾನ್ಯವಾಗಿ ವೈಫೈ ಮೊದಲಿಗೆ ಆರಿಯೇ ಇರುತ್ತದೆ. ತಂತಿ ಸಿಕ್ಕಿಸಿ 192.168.1.1ಕ್ಕೆ ಹೋಗಿ ಹೊತ್ತಿಸಬೇಕು. ತೆಳ್ಳಗಿನ ಹೊಸ ಲ್ಯಾಪ್‌ಟಾಪಿಗೆ ಲ್ಯಾನ್ ತೂತಿಲ್ಲ. ಅಡಾಪ್ಟರ್ ಬರುವವರೆಗೆ ಒಂದು ವಾರ ಕಾದು, ಎಲ್ಲವನ್ನೂ ಸರಿಪಡಿಸಿ, ಅದನ್ನು ಮೇಜಿನ ಮೇಲೆ ಇಡುತ್ತಾರೆ. ಇಂಟರ್ನೆಟ್ಟಿನ ತಂತಿಯನ್ನು ಮಾತ್ರ ಅದಕ್ಕೆ ಸಿಕ್ಕಿಸುವುದಿಲ್ಲ. ಮನೆಯ ಮಂದಿಯೆಲ್ಲ ಕಂಪನಿಯ ಡಬ್ಬಿಯಲ್ಲೇ ಮುಂದುವರಿಯುತ್ತಾರೆ. ಮೇಜಿನ ಮೇಲಿನ ರೂಟರಿಗೆ ಹೊಸ ಆವೃತ್ತಿ ಬಂದಾಗಲೆಲ್ಲ ತಪ್ಪದೆ ಅಪ್‌ಡೇಟ್ ಆಗುತ್ತದೆ.