ಬದುಕಿದ್ದೇನೆ, ನಾಳೆ ಹೇಳ್ತೀನಿ

ನವೆಂಬರ್ ಬಂತೆಂದರೆ ಕೇಂದ್ರ ಸರ್ಕಾರದ ಪಿಂಚಣಿದಾರನಿಗೆ ಮುಖ್ಯವಾದ ಕೆಲಸ ಒಂದೇ. ತಾನಿನ್ನೂ ಬದುಕಿದ್ದೇನೆ ಎಂದು ತಿಳಿಸುವುದು. ಲೈಫ್ ಸರ್ಟಿಫಿಕೇಟ್ ಅನ್ನುತ್ತಾರಲ್ಲ, ಅದು. ಮೂವತ್ತು ದಿನ ಟೈಮಿತ್ತು. ನಾನು ಎದ್ದದ್ದು ಮೂವತ್ತನೇ ದಿನ. ನಮ್ಮಾಕೆ ರಾಯಚೂರಿನವಳು. ಪಕ್ಕದ ಮನೆಯವರ ಮುಂದೆ ಮಾನ ತೆಗೆದೇಬಿಟ್ಟಳು: "ಬದುಕೀನಿ ಅನ್ನಾಕೂ ಇವರಿಗೆ ನಾಳೆ ಬೇಕ್ ನೋಡ್ರಿ!"

ತಪ್ಪು ನನ್ನದಲ್ಲ, ಊರಿನದು. ಹೈದರಾಬಾದಿನ ದಖನಿಯಲ್ಲಿ 'ಕಲ್' ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. 'ಪರ್ಸೋಂ' ಅಂದರೆ ಮೊನ್ನೆ. ಆ ಮೊನ್ನೆ ಹತ್ತು ವರ್ಷದ ಹಿಂದಿನದೂ ಆಗಿರಬಹುದು. ಮನಸ್ಸು ಚುಚ್ಚಿದರೆ 'ಲೈಟ್ ಲೋ ಮಿಯಾಂ', ಅಂದರೆ ಹಗುರಾಗಿ ತಗೊಳ್ಳಿ, ಅನ್ನುವ ಮುಲಾಮಿದೆ. ಜತೆಗೊಂದು ಇರಾನಿ ಚಹಾ, ಎರಡು ಉಸ್ಮಾನಿಯಾ ಬಿಸ್ಕತ್ತು ಸಿಕ್ಕರೆ ಯಾವ ಕೆಲಸ ತಾನೇ ಓಡಿಹೋಗುತ್ತದೆ?

ಕನ್ನಡಿಗರು ಇದರಲ್ಲಿ ಹಿಂದೆ ಬಿದ್ದವರೆಂದು ತಿಳಿಯಬೇಡಿ. ನಾಳೆ, ನಾಡಿದ್ದು, ಆಚೆ ನಾಡಿದ್ದು ಎಂದು ಮುಂದೂಡುವುದಕ್ಕೆ ಮೆಟ್ಟಿಲು ಕಟ್ಟಿಕೊಂಡ ಭಾಷೆ ನಮ್ಮದು. ಅಮಾವಾಸ್ಯೆ, ಆಷಾಢ, ರಾಹುಕಾಲ ಬೇರೆ ಬೆನ್ನಿಗಿವೆ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವಕ್ಕೂ ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದು ವಾಪಸ್ ಕಳಿಸಿದವರು ನಾವು. ಪಾಪ, ಅದು ಓದು ಬಲ್ಲ, ಮಾತು ಕೇಳುವ ದೆವ್ವ. ಕೆಲಸ ಅಂಥದ್ದಲ್ಲ, ನಾಳೆ ಬಾ ಅಂದರೆ ಹೊಸಿಲ ಮೇಲೇ ಕೂತಿರುತ್ತದೆ.

ಸೋಮಾರಿ ಅಂದಿರೋ, ಜಗಳವೇ. ಆ ಇಪ್ಪತ್ತೊಂಬತ್ತು ದಿನ ನಾನು ದುಡಿದಷ್ಟು ಸರ್ವಿಸಿನಲ್ಲೂ ದುಡಿದಿಲ್ಲ. ಫ್ಯಾನಿನ ಧೂಳು ಒರೆಸಿದೆ. ಯಾವ ಬೀಗಕ್ಕೂ ಸೇರದ ಹದಿನಾಲ್ಕು ಕೀಲಿಕೈಗಳನ್ನು ಎಣಿಸಿ, ಮತ್ತೆ ಅದೇ ಡಬ್ಬಿಗೆ ಹಾಕಿದೆ. ಕಾಚಿಗುಡದ ಕಡೆ ರಾಜ್ಯೋತ್ಸವದ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಮಾಡಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುವವನನ್ನು ಸೋಮಾರಿ ಅನ್ನಲಾದೀತೆ?

ಫುಷಿಯಾ ಸಿರೋಯಿಸ್ ಮತ್ತು ಟಿಮೊಥಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಲೇಖನದ ತಿರುಳೂ ಹೆಚ್ಚುಕಡಿಮೆ ಇದೇ. ನಾವು ತಳ್ಳುವುದು ಕೆಲಸವನ್ನಲ್ಲ, ಅದರ ಜತೆ ಬರುವ ಕಸಿವಿಸಿಯನ್ನು. ತಳ್ಳಿದ ಕೂಡಲೇ ಹಾಯೆನಿಸುತ್ತದೆ. ಆ ಹಾಯಿಯ ರುಚಿಗೆ ಮತ್ತೆ ತಳ್ಳುತ್ತೇವೆ. ನನ್ನ ಕಸಿವಿಸಿ ಏನೆಂದು ಹೇಳಿಬಿಡುತ್ತೇನೆ, ನಮ್ಮಾಕೆಗೆ ತಿಳಿಸಬೇಡಿ. ವರ್ಷಕ್ಕೊಮ್ಮೆ ಯಾರೋ 'ಇದ್ದೀರಾ?' ಎಂದು ಕೇಳಿದರೆ, ಇಲ್ಲದ ದಿನವೂ ಒಂದು ಬರುತ್ತದೆಂದು ನೆನಪಾಗುತ್ತದೆ.

ಪಕ್ಕದ ಮನೆಯ ಸಾಹೇಬರು ನನ್ನ ಪರ ವಕಾಲತ್ತಿಗೆ ನಿಂತರು. "ಮಕ್ಕಾ ಮಸೀದಿ ಶುರು ಮಾಡಿದ್ದು ಕುತುಬ್ ಶಾಹಿಗಳು, ಮುಗಿಸಿದ್ದು ಔರಂಗಜೇಬ್, 1694ರಲ್ಲಿ. ಮುಕ್ಕಾಲು ಶತಮಾನ! ನಿಮ್ಮದು ಒಂದು ತಿಂಗಳು, ಲೈಟ್ ಲೋ." ನಾನು ಎದೆ ಉಬ್ಬಿಸುವಷ್ಟರಲ್ಲಿ ಒಳಗಿಂದ ದನಿ ಬಂತು: "ಅವರು ಕಲ್ಲಿನ ಮ್ಯಾಲೆ ಕಲ್ಲು ಇಡತಿದ್ರು. ಇವರು ಚಹಾದ ಮ್ಯಾಲೆ ಚಹಾ ಕುಡೀತಾರ." ವಕಾಲತ್ತು ಅಲ್ಲಿಗೇ ವಜಾ ಆಯಿತು. ತಡವಾಗುವುದು ಬೇರೆ, ಶುರುವಾಗದಿರುವುದು ಬೇರೆ.

ಕೊನೆಗೆ ಮೊಮ್ಮಗಳು ಫೋನ್ ಹಿಡಿದು ಬಂದಳು. 2014ರಲ್ಲಿ ಬಂದ 'ಜೀವನ್ ಪ್ರಮಾಣ್' ಈಗ ಮುಖ ನೋಡಿಯೇ ಗುರುತು ಹಿಡಿಯುತ್ತದಂತೆ. "ತಾತಾ, ಸರ್ಟಿಫಿಕೇಟ್ ಕಳಿಸೋದು ಬೇಡ, ಸುಮ್ನೆ ಆಪ್ ತೆರೆಯೋಣ." ತೆರೆಯುವುದಷ್ಟೇ ತಾನೇ ಎಂದು ಕೂತೆ. ಆಧಾರ್ ನಂಬರ್ ಹೇಳಿದೆ. ನೋಡು ಅಂದಳು, ನೋಡಿದೆ. ಕಣ್ಣು ಮಿಟುಕಿಸು ಅಂದಳು, ಮಿಟುಕಿಸಿದೆ. ಮುಗಿಯಿತು. ಇಪ್ಪತ್ತೊಂಬತ್ತು ದಿನ ನಾನು ಹೆದರಿ ಓಡಿದ್ದು ಒಂದು ರೆಪ್ಪೆ ಬಡಿತಕ್ಕೆ!

ಮೊಮ್ಮಗಳ ಮದ್ದನ್ನು ನಿಮಗೂ ಹೇಳುತ್ತೇನೆ. ಕೆಲಸ ಮುಗಿಸುತ್ತೇನೆಂದು ಹೊರಡಬೇಡಿ, ಬರೀ ಬಾಗಿಲು ತೆರೆಯಿರಿ. ಅರ್ಜಿಯಾದರೆ ಹೆಸರು ಬರೆಯಿರಿ, ಫೋನಾದರೆ ನಂಬರ್ ಒತ್ತಿ. ಮನೆಯಲ್ಲಿ ಪಿಂಚಣಿದಾರರಿದ್ದರೆ ನವೆಂಬರ್ ಒಂದನೇ ತಾರೀಕೇ ಅವರ ಕಣ್ಣು ಮಿಟುಕಿಸಿಬಿಡಿ. ಚಹಾ ಆಮೇಲೆ.