ಸರ್ಕಾರಿ ಫಾರ್ಮ್

(ಗಜೇಂದ್ರಗಡ. ಗುಡ್ಡದ ಗಾಳಿಯಂತ್ರ ನೋಡಿಕೊಳ್ಳಲು ಬಂದ ಡೆನ್ಮಾರ್ಕಿನ ಎಂಜಿನಿಯರ್‌ಗೆ ಮನೆ ಬಾಡಿಗೆ ಕೊಟ್ಟ ಮಾಲಕ, ಎದುರುಮನೆಯ ಆಯಿಯ ಕಟ್ಟೆಗೆ ಬಂದಿದ್ದಾನೆ.)

ಮಾಲಕ: ಆಯಿ, ಫಾರಿನ್ ಮಂದಿ ಇಟಗೊಂಡ್ರ 24 ತಾಸಿನೊಳಗ ಸರ್ಕಾರಕ್ಕ ಒಂದು ಫಾರ್ಮ್ ತುಂಬಿ ಕಳಸಬೇಕಂತ.

ಆಯಿ: 24 ತಾಸು? ಅಂವ ಚೀಲ ಕೆಳಗ ಇಡೂದ್ರಾಗ ನಾ ಎಲ್ಲಾ ಕೇಳೀನಿ. ಬರಕೊ. ಲಗ್ನ ಆಗಿಲ್ಲ. ಅವ್ವ ಒಬ್ಬಾಕಿನ ಅದಾಳ. ಪಗಾರ ಹೇಳಾಕ ನಾಚಿದ, ಅಂದ್ರ ಚಲೋನ ಇರಬೇಕು. ರೋಣದಾಗ ನಮ್ಮ ಬೀಗರ ಕಡೆ ಒಂದು ಹುಡುಗಿ ಐತಿ.

ಮಾಲಕ: ಅಲ್ಲಬೇ, ಪಾಸ್‌ಪೋರ್ಟ್ ನಂಬರ, ವೀಸಾ ನಂಬರ ಕೇಳ್ಯಾರ.

ಆಯಿ: ಎಷ್ಟು ರೊಟ್ಟಿ ತಿಂತಾನ ಅಂತ ಕೇಳಿಲ್ಲೇನು? ಎಂಥಾ ಸರ್ಕಾರೋ!

ಎಂಜಿನಿಯರ್ (ಬರುತ್ತ): ನಮಸ್ಕಾರ್ರಿ. ರವಿವಾರ ನರಗುಂದ ಗುಡ್ಡಕ್ಕ ಹೊಂಟೀನಿ.

ಆಯಿ: ಹುಷಾರಪಾ. 1858ರಾಗ ನರಗುಂದದ ಅರಸ ಬಾಬಾಸಾಹೇಬರ ಮಂದಿ ಬ್ರಿಟಿಷರ ಏಜೆಂಟ ಮ್ಯಾನ್ಸನ್ ಸಾಹೇಬನ ತಲಿ ಕಡದು ಅಲ್ಲಿ ಅಗಸಿಗೆ ತೂಗಹಾಕಿದ್ರು.

ಎಂಜಿನಿಯರ್: ನಾ ಇಂಗ್ಲೆಂಡಿನಾಂವ ಅಲ್ರಿ! ಡೆನ್ಮಾರ್ಕ್!

ಆಯಿ: ಅದನ್ನ ಅಗಸ್ಯಾಗ ಕಾಲಿಡೂಕಿಂತ ಮೊದಲ ಹೇಳು. ಅದಿರಲಿ, ಗುಡ್ಡದ ಮ್ಯಾಲೆ ನಿನ್ನ ಫ್ಯಾನ್ ಗರಗರ ತಿರಗತಾವ, ಇಲ್ಲಿ ನನ್ನ ಫ್ಯಾನ್ ಯಾಕ ನಿಂತೈತಿ?

ಎಂಜಿನಿಯರ್: ಕರೆಂಟ್ ಮೊದಲ ಗ್ರಿಡ್ಡಿಗೆ ಹೋಗತೈತ್ರಿ.

ಆಯಿ (ಮಾಲಕನ ಕಡೆ ತಿರುಗಿ): ಆ ಗ್ರಿಡ್ಡಪ್ಪ ಯಾವ ಓಣ್ಯಾಂವೋ?